ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ: ಈ ಸ್ಟ್ರಿಪ್ ತುಂಡನ್ನು ಓದಿ ಹೇಳ್ತೀರಾ?

ಮಾನ್ಯ ಆರೋಗ್ಯ ಸಚಿವರೇ,

ನಮಸ್ಕಾರ. ನನ್ನ ಮೇಜಿನ ಮೇಲೆ ಈಗ ಮಾತ್ರೆ ಸ್ಟ್ರಿಪ್‌ನ ಒಂದು ತುಂಡು ಇದೆ. ಎರಡು ಮಾತ್ರೆಯ ತುಂಡು. ಒಂದು ಗುಳಿ ಖಾಲಿ, ಇನ್ನೊಂದರಲ್ಲಿ ಮಾತ್ರೆ ಹಾಗೇ ಇದೆ. ಕತ್ತರಿಯಲ್ಲಿ ಓರೆಯಾಗಿ ಕತ್ತರಿಸಿದ್ದಾರೆ. ಹಿಂದಿನ ಬೆಳ್ಳಿ ಹಾಳೆಯ ಮೇಲೆ 'ಫೆನಾಕ್ ಸೋ' ಅನ್ನುವಷ್ಟು ಅಕ್ಷರ ಉಳಿದಿದೆ, ಕೆಳಗೆ '50' ಅಂತಿದೆ, ಅಷ್ಟೇ. ಮಾತ್ರೆಯ ಪೂರ್ತಿ ಹೆಸರು, ಅವಧಿ ಮುಗಿಯುವ ತಾರೀಖು, ಎಚ್ಚರಿಕೆಯ ಸಾಲು ಎಲ್ಲವೂ ಇನ್ನೊಂದು ತುಂಡಿನ ಜೊತೆ ಇನ್ಯಾರದೋ ಮನೆಗೆ ಹೋಗಿವೆ.

ಇದು ಸಿಕ್ಕಿದ್ದು ಅಮ್ಮನ ಕನ್ನಡಕದ ಡಬ್ಬಿಯಲ್ಲಿ. ಅಮ್ಮ ಆಗ ಆಸ್ಪತ್ರೆಯಲ್ಲಿದ್ದಳು.

ಅಮ್ಮನಿಗೆ 68. ಮಂಡಿನೋವು ಹಳೆಯದು. ಬಿಪಿ ಇದೆ, ಅದಕ್ಕೆ ದಿನಾ ಒಂದು ಮಾತ್ರೆ. ಆ ಒಂದೇ ಮಾತ್ರೆಯೊಳಗೆ ಬಿಪಿ ಇಳಿಸುವ ಔಷಧಿಯ ಜೊತೆ ಮೂತ್ರ ಜಾಸ್ತಿ ಮಾಡಿಸುವ ಔಷಧಿಯೂ ಸೇರಿದೆ ಅನ್ನೋದು ನಮಗೆ ಗೊತ್ತಾಗಿದ್ದು ಆಮೇಲೆ. ಮಂಡಿಗೆ ಅಂತ ಯಾವಾಗಲೋ ವೈದ್ಯರು 5 ದಿನಕ್ಕೆ ನೋವಿನ ಮಾತ್ರೆ ಬರೆದುಕೊಟ್ಟಿದ್ದರು. ನೋವು ಹೋಯಿತು, ಮತ್ತೆ ಬಂತು, ಅದೇ ಮಾತ್ರೆ ಮತ್ತೆ ಬಂತು, ಈ ಸಲ ಚೀಟಿ ಇಲ್ಲದೆ. ಹೀಗೆ ಮೂರು ವಾರ. ನಡುವೆ ಹಲ್ಲುನೋವು ಬಂತು ಅಂತ ಬೇರೆ ಹೆಸರಿನ, ಬೇರೆ ಬಣ್ಣದ ಇನ್ನೊಂದು ಮಾತ್ರೆ. ಅದರ ಮೇಲೆ ಎರಡು ದಿನ ವಾಂತಿ, ಭೇದಿ. ನೀರು ಕುಡಿದರೂ ನಿಲ್ಲುತ್ತಿರಲಿಲ್ಲ. ಮೂರನೇ ದಿನ ಪಾದ ಊದಿಕೊಂಡಿತ್ತು, ಬೆಳಗ್ಗೆಯಿಂದ ಮೂತ್ರವೇ ಆಗಿಲ್ಲ ಅಂದಳು.

ಆಸ್ಪತ್ರೆಯಲ್ಲಿ ವೈದ್ಯರು ಕೇಳಿದ ಮೊದಲ ಪ್ರಶ್ನೆ, "ಯಾವ್ಯಾವ ಮಾತ್ರೆ ತಗೋತೀರಮ್ಮ?"

"ಬಿಪಿದು ಒಂದೇ ಡಾಕ್ಟ್ರೇ, ಬೇರೇನಿಲ್ಲ."

ಅಮ್ಮ ಸುಳ್ಳು ಹೇಳಲಿಲ್ಲ. ಅವಳ ಲೆಕ್ಕದಲ್ಲಿ ನೋವಿನ ಮಾತ್ರೆ ಅಂದರೆ ಔಷಧಿಯೇ ಅಲ್ಲ. ತಲೆಗೆ ಹಚ್ಚುವ ಮುಲಾಮು ಇದ್ದ ಹಾಗೆ, ಬೇಕಾದಾಗ ತಗೊಳ್ಳೋದು, ಅದನ್ನೇನು ವೈದ್ಯರಿಗೆ ಹೇಳೋದು? ಸಚಿವರೇ, ನಿಮ್ಮ ಮನೆಯಲ್ಲಿ ಕೇಳಿ ನೋಡಿ. ಅಲ್ಲೂ ಇದೇ ಉತ್ತರ ಬರಬಹುದು.

ನಾನು ಮನೆಗೆ ಬಂದು ಅಮ್ಮನ ಚೀಲ, ದಿಂಬಿನ ಕೆಳಗೆ, ಡಬ್ಬಿಗಳನ್ನೆಲ್ಲ ಹುಡುಕಿ ಸಿಕ್ಕಿದ ತುಂಡುಗಳನ್ನು ಒಂದು ಕವರಿನಲ್ಲಿ ಹಾಕಿಕೊಂಡು ಹೋದೆ. ನರ್ಸ್ ಒಬ್ಬರು ಅವನ್ನು ಟೇಬಲ್ ಮೇಲೆ ಹರಡಿ, ಬಣ್ಣ ನೋಡಿ, ಅಕ್ಷರ ಜೋಡಿಸಿ, ಒಂದು ಡೈಕ್ಲೋಫೆನಾಕ್, ಇನ್ನೊಂದು ಐಬುಪ್ರೊಫೇನ್ ಇರಬೇಕು ಅಂದರು. 'ಇರಬೇಕು.' ಆಸ್ಪತ್ರೆಯ ನರ್ಸ್ ಕೂಡ ಊಹೆ ಮಾಡಬೇಕಾಯಿತು. ಎರಡೂ ಒಂದೇ ಕುಟುಂಬದ ಮಾತ್ರೆಗಳು. ಒಟ್ಟಿಗೆ ತಗೊಂಡರೆ ನೋವು ಎರಡು ಪಟ್ಟು ಕಮ್ಮಿ ಆಗುವುದಿಲ್ಲ, ತೊಂದರೆ ಮಾತ್ರ ಜಾಸ್ತಿ ಆಗುತ್ತದೆ.

ಹಲ್ಲುನೋವಿನ ಮಾತ್ರೆ ತಂದುಕೊಟ್ಟಿದ್ದು ನಾನೇ. ಇದನ್ನು ಇಲ್ಲಿ ಬರೆಯದಿದ್ದರೆ ಉಳಿದದ್ದನ್ನೆಲ್ಲ ಬರೆಯುವ ಹಕ್ಕು ನನಗಿಲ್ಲ. ಅಂಗಡಿಯವರು ಏನೂ ಕೇಳಲಿಲ್ಲ, ನಾನೂ ಏನೂ ಹೇಳಲಿಲ್ಲ. ಅರ್ಧ ನಿಮಿಷದ ವ್ಯವಹಾರ.

ಈ ಮಾತ್ರೆಗಳು ಕೆಲಸ ಮಾಡೋದು ಹೇಗೆ ಅಂತ ಆ ವಾರ ಕೂತು ಓದಿದೆ. ನಮ್ಮ ದೇಹದಲ್ಲಿ ಪ್ರೊಸ್ಟಗ್ಲಾಂಡಿನ್ ಅನ್ನುವ ವಸ್ತುಗಳು ತಯಾರಾಗುತ್ತವೆ. ಪೆಟ್ಟಾದ ಕಡೆ ನೋವು, ಊತ ತರುವುದರಲ್ಲಿ ಅವುಗಳ ಕೈವಾಡ ಇದೆ. ಆಸ್ಪಿರಿನ್ ಮತ್ತು ಅದರ ಬಳಗದ ಮಾತ್ರೆಗಳು ಇವು ತಯಾರಾಗುವುದನ್ನೇ ತಡೆಯುತ್ತವೆ ಅಂತ 1971ರಲ್ಲಿ ತೋರಿಸಿಕೊಟ್ಟವರು ಬ್ರಿಟನ್‌ನ ವಿಜ್ಞಾನಿ ಜಾನ್ ವೇನ್. 1982ರಲ್ಲಿ ಅವರಿಗೆ ನೊಬೆಲ್ ಬಂತು. ಆದರೆ ಇದೇ ಪ್ರೊಸ್ಟಗ್ಲಾಂಡಿನ್‌ಗಳು ಒಳ್ಳೆ ಕೆಲಸವನ್ನೂ ಮಾಡುತ್ತವೆ. ಹೊಟ್ಟೆಯ ಒಳಪದರವನ್ನು ಆಮ್ಲದಿಂದ ಕಾಯುತ್ತವೆ. ಮೈಯಲ್ಲಿ ನೀರು ಕಮ್ಮಿಯಾದಾಗ ಕಿಡ್ನಿಗೆ ರಕ್ತ ಹೋಗುವ ದಾರಿಯನ್ನು ತೆರೆದಿಡುತ್ತವೆ. ಮಂಡಿಗೆ ಅಂತ ನುಂಗಿದ ಮಾತ್ರೆಗೆ ಮಂಡಿ ಎಲ್ಲಿದೆ ಅಂತ ಗೊತ್ತಿಲ್ಲ, ಅದು ರಕ್ತದಲ್ಲಿ ಬೆರೆತು ಎಲ್ಲ ಕಡೆಗೂ ಹೋಗುತ್ತದೆ.

ಅಮ್ಮನಿಗೆ ಆಗಿದ್ದನ್ನು ವೈದ್ಯರು ಒಂದು ನೀರಿನ ಟ್ಯಾಂಕ್ ಚಿತ್ರ ಬರೆದು ತೋರಿಸಿದರು. ಕಿಡ್ನಿಯ ಸೋಸುವ ಜಾಗಕ್ಕೆ ರಕ್ತ ಬರಲು ಒಂದು ಕೊಳವೆ, ಹೋಗಲು ಒಂದು ಕೊಳವೆ. ಕೆಲವು ಬಿಪಿ ಮಾತ್ರೆಗಳು, ಅಂದರೆ ಹೆಸರು 'ಪ್ರಿಲ್' ಅಥವಾ 'ಸಾರ್ಟಾನ್' ಅಂತ ಮುಗಿಯುವವು, ಹೋಗುವ ಕೊಳವೆಯನ್ನು ಸಡಿಲ ಮಾಡುತ್ತವೆ. ಮೂತ್ರದ ಮಾತ್ರೆ ಒಟ್ಟು ನೀರನ್ನೇ ಕಮ್ಮಿ ಮಾಡುತ್ತದೆ. ನೋವಿನ ಮಾತ್ರೆ ಬರುವ ಕೊಳವೆಯನ್ನು ಬಿಗಿಮಾಡುತ್ತದೆ. ಒಂದೊಂದನ್ನೇ ಆದರೆ ಕಿಡ್ನಿ ಹೇಗೋ ಸಂಭಾಳಿಸುತ್ತದೆ. ಮೂರೂ ಸೇರಿ, ಮೇಲೊಂದು ವಾಂತಿ ಭೇದಿ ಬಂದರೆ ಟ್ಯಾಂಕಿನಲ್ಲಿ ಒತ್ತಡವೇ ಇರುವುದಿಲ್ಲ, ಸೋಸುವ ಕೆಲಸ ನಿಂತುಹೋಗುತ್ತದೆ. ಇದು ವೈದ್ಯರಿಗೆ ಹೊಸ ವಿಷಯವೇನಲ್ಲ, ಮೂರು ಪೆಟ್ಟು ಒಟ್ಟಿಗೆ ಬೀಳೋದು ಅಂತ ಅವರೊಳಗೆ ಇದಕ್ಕೊಂದು ಹೆಸರೇ ಇದೆಯಂತೆ. ಗೊತ್ತಿಲ್ಲದೇ ಇದ್ದದ್ದು ಅಮ್ಮನಿಗೆ, ನನಗೆ, ಮತ್ತು ಔಷಧಿ ಅಂಗಡಿಯಲ್ಲಿ ಕತ್ತರಿ ಹಿಡಿದಿದ್ದ ಹುಡುಗನಿಗೆ.

"ಊಟ ಆದಮೇಲೆ ತಗೊಂಡ್ರೆ ಏನೂ ಆಗಲ್ಲ" ಅನ್ನುವ ಮಾತನ್ನು ನಾನೂ ನಂಬಿದ್ದೆ. ಹೊಟ್ಟೆ ಉರಿ ಸ್ವಲ್ಪ ಕಮ್ಮಿ ಆಗಬಹುದು, ನಿಜ. ಆದರೆ ಹೊಟ್ಟೆಹುಣ್ಣು ಬರೋದು ಮಾತ್ರೆ ಹೊಟ್ಟೆಗೆ ತಾಗಿದ್ದರಿಂದ ಮಾತ್ರ ಅಲ್ಲ, ಅದು ರಕ್ತದ ಮೂಲಕ ಹೋಗಿ ಪ್ರೊಸ್ಟಗ್ಲಾಂಡಿನ್‌ಗಳ ಆ ಕಾಪನ್ನು ತಪ್ಪಿಸುವುದರಿಂದಲೂ. ಇಂಜೆಕ್ಷನ್ ತಗೊಂಡರೂ ಹುಣ್ಣಾಗಬಹುದು. ಜೊತೆಗೆ ಗ್ಯಾಸ್ಟ್ರಿಕ್ ಮಾತ್ರೆ ತಗೊಂಡರೆ ಹೊಟ್ಟೆಗೆ ಒಳ್ಳೆಯ ರಕ್ಷಣೆ ಸಿಗುತ್ತದೆ, ಕಿಡ್ನಿಗೆ, ಹೃದಯಕ್ಕೆ ಸಿಗುವುದಿಲ್ಲ. ಇನ್ನೊಂದು ವಿಷಯ, ಹುಣ್ಣು ಯಾವಾಗಲೂ ನೋವಿನಿಂದಲೇ ತಿಳಿಸುವುದಿಲ್ಲ, ಕೆಲವರಿಗೆ ಮೊದಲ ಸುಳಿವೇ ಡಾಂಬರಿನ ಹಾಗೆ ಕಪ್ಪಾದ, ಅಂಟಂಟಾದ ಮಲ. ಅದನ್ನು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಈ ಒಂದು ಸಾಲು ಯಾವ ಸ್ಟ್ರಿಪ್ ಮೇಲೆ ಇದೆ, ನೀವೇ ಹೇಳಿ.

ಹೃದಯದ ಕಥೆ ಇನ್ನೂ ದೊಡ್ಡದು. 2004ರಲ್ಲಿ ರೋಫೆಕಾಕ್ಸಿಬ್ ಅನ್ನುವ ನೋವಿನ ಮಾತ್ರೆಯನ್ನು ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯ ಜಾಸ್ತಿ ಅಂತ ಜಗತ್ತಿನಾದ್ಯಂತ ಮಾರುಕಟ್ಟೆಯಿಂದ ವಾಪಸ್ ತೆಗೆದುಕೊಂಡರು. ಅದು ಹೊಟ್ಟೆಗೆ ಹಿತ ಅಂತ ಹೆಸರು ಮಾಡಿದ್ದ ಹೊಸ ಬಗೆಯ ಮಾತ್ರೆ. ತೊಂದರೆ ಹೊಸದರದ್ದಷ್ಟೇ ಅಲ್ಲ, ಹಳೆಯವುಗಳಲ್ಲೂ ಇದೆ ಅಂತ ಆಮೇಲೆ ಗೊತ್ತಾಯಿತು. 2015ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಕೆಯನ್ನು ಇನ್ನೂ ಬಿಗಿ ಮಾಡಿ, ಈ ಅಪಾಯ ಮೊದಲ ವಾರಗಳಲ್ಲೇ ಶುರುವಾಗಬಹುದು, ಪ್ರಮಾಣ ಜಾಸ್ತಿಯಾದಷ್ಟೂ ಹೆಚ್ಚಾಗಬಹುದು ಅಂತ ಹೇಳಿತು. ಅದೇ ವರ್ಷ ಬ್ರಿಟನ್‌ನಲ್ಲಿ ಡೈಕ್ಲೋಫೆನಾಕ್ ಮಾತ್ರೆಯನ್ನು ಚೀಟಿ ಇಲ್ಲದೆ ಮಾರುವುದನ್ನು ನಿಲ್ಲಿಸಿದರು. 2020ರಲ್ಲಿ ಗರ್ಭಿಣಿಯರ ಬಗ್ಗೆ ಅಮೆರಿಕದಲ್ಲಿ ಇನ್ನೊಂದು ಎಚ್ಚರಿಕೆ ಬಂತು: 20 ವಾರ ಆದಮೇಲೆ ಈ ಮಾತ್ರೆಗಳು ಮಗುವಿನ ಕಿಡ್ನಿಗೆ ತೊಂದರೆ ಮಾಡಿ ಗರ್ಭದ ನೀರು ಕಮ್ಮಿ ಮಾಡಬಹುದು.

ಅಂದರೆ ಗೊತ್ತಿರಬೇಕಾದವರಿಗೆ ಎಲ್ಲ ಗೊತ್ತಿದೆ ಸಚಿವರೇ. ಅದೆಲ್ಲ ಸಣ್ಣ ಅಕ್ಷರದಲ್ಲಿ, ನಾಲ್ಕು ಮಡಿಕೆಯ ಒಂದು ಕಾಗದದಲ್ಲಿದೆ. ಆ ಕಾಗದ ಡಬ್ಬದ ಒಳಗಿದೆ. ಡಬ್ಬ ಅಂಗಡಿಯಲ್ಲಿದೆ. ನಮ್ಮ ಕೈಗೆ ಬರೋದು ತುಂಡು.

ನಿಷೇಧ ಮಾಡಿ ಅಂತ ನಾನು ಕೇಳುತ್ತಿಲ್ಲ. ದಯವಿಟ್ಟು ಹಾಗೆ ಓದಬೇಡಿ. ಕೀಲು ಊದಿಕೊಂಡು ರಾತ್ರಿಯಿಡೀ ನರಳುವವರಿಗೆ, ಮುಟ್ಟಿನ ಹೊಟ್ಟೆನೋವಿಗೆ, ಹಲ್ಲು ಕಿತ್ತ ದಿನಕ್ಕೆ ಇವು ಬಹಳ ಒಳ್ಳೆಯ ಮಾತ್ರೆಗಳು. ಆರೋಗ್ಯವಾಗಿರುವವರು ಎರಡು ಮೂರು ದಿನ, ಕಮ್ಮಿ ಪ್ರಮಾಣದಲ್ಲಿ ತಗೊಂಡರೆ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ನೋವು ತಡೆದುಕೊಳ್ಳಿ ಅಂತ ಉಪದೇಶ ಮಾಡುವವರನ್ನು ಕಂಡರೆ ನನಗೂ ಆಗುವುದಿಲ್ಲ. ಎಲ್ಲರೂ ಪ್ಯಾರಾಸಿಟಮಾಲ್ ತಗೊಳ್ಳಿ ಅಂದುಬಿಟ್ಟರೂ ಮುಗಿಯಲಿಲ್ಲ. ಹೊಟ್ಟೆಗೆ, ಕಿಡ್ನಿಗೆ ಅದು ಮೇಲು, ಹೌದು. ಆದರೆ ದೊಡ್ಡವರಿಗೂ ದಿನಕ್ಕೆ 4 ಗ್ರಾಂ ಮೀರಬಾರದು, ಮೀರಿದರೆ ಲಿವರ್‌ಗೆ ಏಟು. ತೂಕ ಕಮ್ಮಿ ಇರುವವರಿಗೆ, ಕುಡಿಯುವವರಿಗೆ, ಲಿವರ್ ತೊಂದರೆ ಇರುವವರಿಗೆ ಮಿತಿ ಇನ್ನೂ ಕಮ್ಮಿ. ನೋವಿನ ಮಿಶ್ರ ಮಾತ್ರೆಗಳಲ್ಲಿ ಅದೂ ಗುಟ್ಟಾಗಿ ಕೂತಿರುತ್ತದೆ, ಶೀತದ ಮಾತ್ರೆಯಲ್ಲೂ ಇರುತ್ತದೆ.

ನಾನು ಕೇಳೋದು ಇಷ್ಟೇ. ಸ್ಟ್ರಿಪ್ ಅನ್ನು ಹೇಗೆ ಕತ್ತರಿಸಿದರೂ ಪ್ರತಿ ಮಾತ್ರೆಯ ಹಿಂದೆ ಔಷಧಿಯ ಹೆಸರು, ಪ್ರಮಾಣ, ತಾರೀಖು ಉಳಿಯಬೇಕು. ಕಂಪನಿ ಇಟ್ಟ ಹೆಸರಲ್ಲ, ಔಷಧಿಯ ನಿಜವಾದ ಹೆಸರು, ಜನ ಓದುವ ಭಾಷೆಯಲ್ಲಿ, 68 ವರ್ಷದ ಕಣ್ಣಿಗೆ ಕಾಣುವಷ್ಟು ದೊಡ್ಡದಾಗಿ. ಸಿಗರೇಟು ಪ್ಯಾಕಿನ ಮೇಲೆ ಅಷ್ಟು ದೊಡ್ಡ ಚಿತ್ರ ಹಾಕಿಸಲು ಸರ್ಕಾರಗಳಿಗೆ ಆಗಿದೆ ಅಂದಮೇಲೆ ಇದು ಆಗದ ಕೆಲಸವೇನಲ್ಲ.

ಅದರ ಜೊತೆ, ಈ ಕುಟುಂಬದ ಎಲ್ಲ ಮಾತ್ರೆಗಳ ಮೇಲೂ ಒಂದೇ ಗುರುತು ಇರಲಿ. ಡೈಕ್ಲೋಫೆನಾಕ್, ಐಬುಪ್ರೊಫೇನ್, ನ್ಯಾಪ್ರೋಕ್ಸೆನ್, ಅಸಿಕ್ಲೋಫೆನಾಕ್, ಮೆಫೆನಾಮಿಕ್ ಆಸಿಡ್, ಎಟೋರಿಕಾಕ್ಸಿಬ್... ಈ ಹೆಸರುಗಳೆಲ್ಲ ಅಣ್ಣತಮ್ಮಂದಿರು ಅಂತ ಓದಿದವರಿಗೂ ಗೊತ್ತಾಗುವುದಿಲ್ಲ, ಅಮ್ಮನಿಗೆ ಹೇಗೆ ಗೊತ್ತಾಗಬೇಕು? ಒಂದು ಆಕಾರ, ಒಂದು ಬಣ್ಣ. ಈ ಗುರುತು ಇರುವ ಎರಡು ಮಾತ್ರೆ ಒಟ್ಟಿಗೆ ಬೇಡ ಅನ್ನುವಷ್ಟು ಅರ್ಥವಾದರೆ ಸಾಕು. ಆ ಗುರುತು ಇದ್ದಿದ್ದರೆ ಹಲ್ಲುನೋವಿನ ಮಾತ್ರೆ ಕೈಗೆ ಬಂದ ಕೂಡಲೇ ಅಮ್ಮ, "ಇದು ಮಂಡಿದೇ ಅಲ್ವಾ?" ಅಂತ ಕೇಳುತ್ತಿದ್ದಳು. ಕೇಳುವವಳೇ ಅವಳು. (ಹೃದಯಕ್ಕೆ ಅಂತ ವೈದ್ಯರು ಕೊಡುವ ಕಮ್ಮಿ ಪ್ರಮಾಣದ ಆಸ್ಪಿರಿನ್ ಕೂಡ ಇದೇ ಬಳಗ. ಐಬುಪ್ರೊಫೇನ್ ಜೊತೆಗೆ ಬಿದ್ದರೆ ಆಸ್ಪಿರಿನ್ನಿನ ಕೆಲಸಕ್ಕೆ ಅಡ್ಡ ಬರಬಹುದು. ಹಾಗಂತ ಈ ಪತ್ರ ಓದಿ ಯಾರೂ ಹೃದಯದ ಆಸ್ಪಿರಿನ್ ನಿಲ್ಲಿಸಬೇಡಿ, ವೈದ್ಯರನ್ನು ಕೇಳಿ.)

ಇನ್ನು ಅಂಗಡಿಯ ಕೌಂಟರ್. ಅಲ್ಲಿ ನಿಂತವರನ್ನು ಬೈಯಲು ನನಗೆ ಮನಸ್ಸಿಲ್ಲ, ಅವರ ಮುಂದೆ ಹತ್ತು ಜನ ಕೈ ಚಾಚಿ ನಿಂತಿರುತ್ತಾರೆ. ಆದರೆ ನೋವಿನ ಮಾತ್ರೆ ಕೊಡುವಾಗ ಇಷ್ಟು ಕೇಳುವುದು ಕಡ್ಡಾಯ ಆಗಲಿ: ಮಾತ್ರೆ ಯಾರಿಗೆ, ವಯಸ್ಸೆಷ್ಟು, ಬಿಪಿ ಹೃದಯ ಕಿಡ್ನಿ ತೊಂದರೆ ಇದೆಯಾ, ಹಿಂದೆ ಹೊಟ್ಟೆಹುಣ್ಣು ಆಗಿತ್ತಾ, ರಕ್ತ ತೆಳು ಮಾಡುವ ಮಾತ್ರೆ ತಗೋತಾರಾ, ಅಸ್ತಮಾ ಇದೆಯಾ, ಗರ್ಭಿಣಿಯಾ. ಒಂದು ನಿಮಿಷದ ಕೆಲಸ. ನನಗೆ ಮೊದಲ ಮೂರು ಕೇಳಿದ್ದರೂ ಸಾಕಿತ್ತು. ವೈದ್ಯರೂ ಅಷ್ಟೇ, ನೋವಿನ ಮಾತ್ರೆ ಬರೆದಾಗ ನಿಲ್ಲಿಸುವ ತಾರೀಖನ್ನೂ ಬರೆಯಲಿ, ವಾಂತಿ ಭೇದಿ ಬಂದರೆ ಇದನ್ನು ಬಿಡಿ, ಬಿಪಿ ಮಾತ್ರೆ ಏನು ಮಾಡಬೇಕು ಅಂತ ಫೋನ್ ಮಾಡಿ ಕೇಳಿ ಅಂತ ಒಂದು ಸಾಲು ಸೇರಿಸಲಿ.

'ವೈದ್ಯರ ಸಲಹೆಯಂತೆ ಬಳಸಿ' ಅಂತ ಈಗಾಗಲೇ ಮುದ್ರಿಸಿದ್ದೇವಲ್ಲ ಅಂತ ನಿಮ್ಮ ಅಧಿಕಾರಿಗಳು ಹೇಳಬಹುದು. ಆ ಸಾಲಿನಿಂದ ಕಂಪನಿಗೆ ರಕ್ಷಣೆ ಸಿಗುತ್ತದೆ, ಕಿಡ್ನಿಗೆ ಸಿಗುವುದಿಲ್ಲ.

ಅಮ್ಮ ಮನೆಗೆ ಬಂದಿದ್ದಾಳೆ. ಡಯಾಲಿಸಿಸ್‌ವರೆಗೆ ಹೋಗಲಿಲ್ಲ, ಸಲೈನ್ ಹಾಕಿ, ಮಾತ್ರೆ ನಿಲ್ಲಿಸಿ ಕಾದರು. ಕ್ರಿಯಾಟಿನಿನ್ (ಕಿಡ್ನಿ ಸೋಸುವುದು ಕಮ್ಮಿಯಾದರೆ ರಕ್ತದಲ್ಲಿ ಏರುವ ಅಂಶ) ಇಳಿಯಿತು, ಆದರೆ ಮೊದಲಿದ್ದಲ್ಲಿಗೆ ಪೂರ್ತಿ ಬಂದಿಲ್ಲ. ಈಗ ವೈದ್ಯರು ಹೇಳಿದಂತೆ ಮಂಡಿಗೆ ಜೆಲ್ ಹಚ್ಚಿಕೊಳ್ಳುತ್ತಾಳೆ. ಅದರಿಂದ ರಕ್ತಕ್ಕೆ ಸೇರುವ ಔಷಧಿ ಬಹಳ ಕಮ್ಮಿಯಂತೆ. ಕುರ್ಚಿಯಲ್ಲಿ ಕೂತು ಕಾಲು ನೀಟಿ ತೊಡೆ ಬಿಗಿಹಿಡಿಯುವ ವ್ಯಾಯಾಮ ಮಾಡುತ್ತಾಳೆ, ಹತ್ತು ಅಂದರೆ ಆರಕ್ಕೇ ನಿಲ್ಲಿಸುತ್ತಾಳೆ. ನೋವು ಪೂರ್ತಿ ಹೋಗಿಲ್ಲ.

ಆ ಸ್ಟ್ರಿಪ್ ತುಂಡನ್ನು ಈ ಪತ್ರದ ಪ್ರತಿಯ ಜೊತೆ ನಿಮ್ಮ ಕಚೇರಿಗೆ ಕಳಿಸುತ್ತಿದ್ದೇನೆ. ಮಾತ್ರೆ ತೆಗೆದಿದ್ದೇನೆ, ಬರೀ ಹಾಳೆ. ಒಳಗಿದ್ದ ಔಷಧಿ ಯಾವುದು, ದಿನಕ್ಕೆ ಎಷ್ಟು, ಯಾರು ತಗೊಳ್ಳಬಾರದು, ಯಾವಾಗ ಅವಧಿ ಮುಗಿಯುತ್ತದೆ ಅಂತ ಅದನ್ನು ನೋಡಿ ನಿಮ್ಮ ಕಚೇರಿಯಲ್ಲಿ ಯಾರಾದರೂ ಒಬ್ಬರು ಹೇಳಿದರೆ ನಾನು ಈ ಪತ್ರವನ್ನು ವಾಪಸ್ ತೆಗೆದುಕೊಳ್ಳುತ್ತೇನೆ.

ಇಂತಿ,
ಮಂಡಿನೋವಿನ ಅಮ್ಮ ಇರುವ ಮನೆಯಿಂದ