ಎಸ್.ಪಿ. ರಸ್ತೆಯ ಆ ವಿದ್ಯುತ್ ಸಾಮಾನಿನ ಅಂಗಡಿಯ ಹಿರಿಯರಿಗೆ

ನಮ್ಮ ಮನೆಯ ಮೊಲ ಕಡಿದುಹಾಕಿದ ಟೇಬಲ್ ಫ್ಯಾನಿನ ತಂತಿಯನ್ನು ನಿಮ್ಮ ಮುಂದಿಟ್ಟಾಗ ನನ್ನ ಕೈ ಇನ್ನೂ ನಡುಗುತ್ತಿತ್ತು. ಕತ್ತರಿಯಲ್ಲಿ ಕತ್ತರಿಸಿದಷ್ಟು ನಯವಾದ ತುಂಡು, ಒಳಗೆ ಹೊಳೆಯುವ ತಾಮ್ರದ ಎಳೆಗಳು. ನೀವು ನಗಲಿಲ್ಲ. "ಮೊಲ ಹೇಗಿದೆಯಮ್ಮಾ?" ಎಂದು ಮೊದಲು ಕೇಳಿದಿರಿ. ಸ್ವಿಚ್ ಆರಿಸಿದ್ದರಿಂದ ಬದುಕಿತು. ಇಲ್ಲದಿದ್ದರೆ 230 ವೋಲ್ಟ್ ಆ ಪುಟ್ಟ ಬಾಯಿಗೆ ಹರಿಯುತ್ತಿತ್ತು.

ಹೊಸ ತಂತಿ ಮಾರಿ ಅಷ್ಟಕ್ಕೇ ಕಳುಹಿಸಬಹುದಿತ್ತು. ನೀವು ಪಿವಿಸಿ ಫ್ಲೆಕ್ಸಿಬಲ್ ಪೈಪ್ ತಂದು, ಬ್ಲೇಡಿನಿಂದ ಉದ್ದಕ್ಕೆ ಸೀಳಿ, ತಂತಿಯನ್ನು ಬೆರಳಿನಿಂದ ಒತ್ತುತ್ತಾ ಒಳಗೆ ಕೂರಿಸಿ ತೋರಿಸಿದಿರಿ. ಸೀಳು ಗೋಡೆಯ ಕಡೆಗಿರಲಿ, ಪ್ಲಗ್ಗಿನ ಬುಡದವರೆಗೂ ಮುಚ್ಚಿರಲಿ ಎಂದಿರಿ. ಗೋಡೆಯಂಚಿನ ತಂತಿಗಳನ್ನು ಮುಚ್ಚಲು ಕೇಸಿಂಗ್ ಪಟ್ಟಿ ಕೊಟ್ಟಿರಿ. ಮೆಣಸಿನ ಪುಡಿ ಸವರಲು ಹೇಳಿದವರು ಬಹಳ ಮಂದಿ; ಮೂಕಪ್ರಾಣಿಯ ಕಣ್ಣಿಗೆ ಖಾರ ತಾಗಿಸುವ ಉಪಾಯ ನನಗೆ ಎಂದೂ ಹಿಡಿಸಿರಲಿಲ್ಲ.

"ಅದರ ಹಲ್ಲು ಸಾಯುವವರೆಗೂ ಬೆಳೆಯುತ್ತದೆ, ಕಡಿಯಲು ಏನಾದರೂ ಬೇಕೇ ಬೇಕು. ಒಣಹುಲ್ಲು ಸದಾ ಮುಂದಿರಲಿ" ಎಂದೂ ಹೇಳಿದಿರಿ. ಹುಲ್ಲಿನ ಬುಟ್ಟಿಯನ್ನು ಅದಕ್ಕೆ ಪ್ರಿಯವಾದ ಸೋಫಾದ ಮೂಲೆಯಲ್ಲೇ ಇಟ್ಟಿದ್ದೇನೆ, ಈಗ ಹೆಚ್ಚು ಹೊತ್ತು ಅಲ್ಲೇ ಮೆಲ್ಲುತ್ತಾ ಕೂರುತ್ತದೆ.

ನಿನ್ನೆ ಪೈಪನ್ನು ಬಿಡಿಸಿ ನೋಡಿದೆ. ಮೇಲೆ ನಾಲ್ಕಾರು ಹಲ್ಲಿನ ಗುರುತುಗಳಿವೆ, ಒಳಗಿನ ತಂತಿಗೆ ಒಂದು ಗೀರೂ ಇಲ್ಲ. ಹೆಸರು ಕೇಳುವುದನ್ನು ಅಂದು ಮರೆತೆ. ತುಂಬು ಹೃದಯದ ಧನ್ಯವಾದಗಳು, ಹಿರಿಯರೇ.