ಎಲ್ಲದಕ್ಕೂ ‘ಅಡ್ಡಿ’ ಅಂದರೆ ಹೇಗೆ?

ಸಂಪಾದಕರಿಗೆ ನಮಸ್ಕಾರ.

ನಾನು ಕುಮಟಾದಲ್ಲಿ ಮಕ್ಕಳಿಗೆ ಇಂಗ್ಲಿಷ್ ಟ್ಯೂಷನ್ ಹೇಳುವವನು. ನಿಮ್ಮ ಜಿಲ್ಲಾ ಪುಟ ತಪ್ಪದೆ ಓದುತ್ತೇನೆ, ಹಾಗಾಗಿ ಒಂದು ತಕರಾರು. ಮಳೆಗಾಲದಲ್ಲಿ ಘಟ್ಟದ ರಸ್ತೆಯ ಬಗ್ಗೆ ಇಂಗ್ಲಿಷ್ ವರದಿಗಳಲ್ಲಿ ‘ಹಿಂಡರ್’ ಅಂತಲೋ ‘ಹ್ಯಾಂಪರ್’ ಅಂತಲೋ ಇರುತ್ತದೆ. ಕನ್ನಡಕ್ಕೆ ಬರುವಾಗ ಅದು ಒಂದು ದಿನ ‘ಸಂಚಾರಕ್ಕೆ ಅಡ್ಡಿ’, ಇನ್ನೊಂದು ದಿನ ‘ಸಂಚಾರ ಸ್ಥಗಿತ’, ಮತ್ತೊಂದು ದಿನ ‘ರಸ್ತೆ ಬಂದ್’. ಮೂರೂ ಒಂದೇನಾ?

ಹಿಂಡರ್ ಅಂದರೆ ಕೆಲಸ ನಿಧಾನವಾಯಿತು, ಕಷ್ಟವಾಯಿತು ಅಂತ ಅಷ್ಟೇ. ಪೂರ್ತಿ ನಿಂತರೆ ಅದಕ್ಕೆ ಪ್ರಿವೆಂಟ್, ಸ್ಟಾಪ್, ಬ್ಲಾಕ್ ಎಂದು ಬೇರೆ ಮಾತುಗಳಿವೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಮುಚ್ಚಿತಲ್ಲ, ಅಲ್ಲಿ ಬಂದ್ ಅನ್ನದೆ ಬೇರೆ ಏನೂ ಅನ್ನುವಂತಿರಲಿಲ್ಲ. ಆದರೆ ಶಿರಸಿ–ಕುಮಟಾ ರಸ್ತೆಯ ದೇವಿಮನೆ ಘಟ್ಟದಲ್ಲಿ ಸ್ವಲ್ಪ ಮಣ್ಣು ಜಾರಿ, ಒಂದೇ ಬದಿಯಲ್ಲಿ ಗಾಡಿ ಬಿಡುತ್ತಿದ್ದರೆ ಅದು ಬಂದ್ ಹೇಗಾಗುತ್ತದೆ? ಶಿರಸಿ ಕಡೆಯಿಂದ ರೋಗಿಯನ್ನು ಮಣಿಪಾಲಕ್ಕೆ ಕರೆದುಕೊಂಡು ಹೋಗುವವರು ಬೆಳಿಗ್ಗೆ ನಿಮ್ಮ ತಲೆಬರಹ ನೋಡಿ, ಸಿದ್ದಾಪುರ ಗೇರುಸೊಪ್ಪದ ಮೇಲೆ ಹೊನ್ನಾವರಕ್ಕೆ ಸುತ್ತು ಹೊಡೆಯುತ್ತಾರೆ. ಡೀಸೆಲ್ ಹೋಗಲಿ ಬಿಡಿ, ಹೊತ್ತು ಹೋಗುತ್ತದಲ್ಲ.

ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಕನ್ನಡದಲ್ಲಿ ‘ಅಡ್ಡಿಯಾಯಿತು’ ಬೇರೆ, ‘ಅಡ್ಡಿಪಡಿಸಿದರು’ ಬೇರೆ. ಮೊದಲನೆಯದರಲ್ಲಿ ಯಾರ ಮೇಲೂ ದೂರಿಲ್ಲ. ಎರಡನೆಯದರಲ್ಲಿ ಯಾರೋ ಬೇಕಂತಲೇ ಮಾಡಿದರು ಎಂಬ ಆರೋಪ ಕೂತಿರುತ್ತದೆ. ಇಂಗ್ಲಿಷಿನ ಹಿಂಡರ್‌ಗೆ ಈ ಭೇದ ಇಲ್ಲ. ಮಳೆಯೂ ಹಿಂಡರ್ ಮಾಡಬಹುದು, ಕಾನೂನೂ ಮಾಡಬಹುದು, ಮನುಷ್ಯನೂ ಮಾಡಬಹುದು, ಅವನಿಗೆ ಆ ಉದ್ದೇಶ ಇರಬೇಕೆಂದೇನೂ ಇಲ್ಲ. ಹಾಗಾಗಿ ಅನುವಾದ ಮಾಡುವವರು ಆಗು, ಪಡಿಸು ಎರಡರಲ್ಲಿ ಒಂದನ್ನು ತಾವೇ ಆರಿಸಬೇಕಾಗುತ್ತದೆ, ಹಾಗೆ ಆರಿಸುವಾಗಲೇ ಸುದ್ದಿ ಒಂದು ಕಡೆಗೆ ವಾಲಿಬಿಡುತ್ತದೆ.

ಹುಬ್ಬಳ್ಳಿ–ಅಂಕೋಲಾ ರೈಲನ್ನೇ ತೆಗೆದುಕೊಳ್ಳಿ. 1999ರಲ್ಲಿ ಶಂಕುಸ್ಥಾಪನೆ ಆಯಿತು. ಘಟ್ಟದ ಕಾಡು, ಅಲ್ಲಿನ ಪ್ರಾಣಿಗಳು, ಅನುಮತಿ, ಕೋರ್ಟು ಅಂತ ಸುತ್ತಿ ಸುತ್ತಿ ಇವತ್ತಿಗೂ ಅಂಕೋಲೆಗೆ ಆ ದಾರಿಯಲ್ಲಿ ರೈಲು ಬಂದಿಲ್ಲ. ‘ಅರಣ್ಯ ಅನುಮತಿ ಸಿಗದ್ದು ಯೋಜನೆಯನ್ನು ಹಿಂಡರ್ ಮಾಡಿದೆ’ ಅಂದರೆ ಅದು ನಡೆದ ಸಂಗತಿ. ಅದೇ ಸಾಲು ‘ಪರಿಸರವಾದಿಗಳು ಅಡ್ಡಿಪಡಿಸಿದ್ದಾರೆ’ ಎಂದು ಬಂದರೆ ಕರಾವಳಿಯಲ್ಲಿ ಒಂದು ಜಗಳ, ಘಟ್ಟದ ಮೇಲೆ ಇನ್ನೊಂದು ಜಗಳ. ರೈಲು ಬೇಕು ಅನ್ನುವವರ ಪೈಕಿ ನಾನೂ ಒಬ್ಬ, ಆದರೂ ಇದು ಸರಿಯಲ್ಲ. ಯಾರಾದರೂ ನಿಜವಾಗಿ ಯೋಜನೆ ತಪ್ಪಿಸಲೆಂದೇ ಹೊರಟು ತಪ್ಪಿಸಿದ್ದರೆ ಇಂಗ್ಲಿಷಿನಲ್ಲಿ ಅದಕ್ಕೆ ‘ತ್ವಾರ್ಟ್’ ಎಂಬ ಪದವೇ ಇದೆ. ಆಗ ಧಾರಾಳವಾಗಿ ‘ಪಡಿಸಿದರು’ ಅನ್ನಿ, ‘ಕಲ್ಲು ಹಾಕಿದರು’ ಅಂದರೂ ಆಯಿತು!

ಈ ಗೊಂದಲ ಕ್ಲಾಸಿನಲ್ಲೂ ಇದೆ. ನಮ್ಮಲ್ಲಿ ‘ಕೆಲಸಕ್ಕೆ ಅಡ್ಡಿ’ ಅಂತೀವಲ್ಲ, ಆ ‘ಕ್ಕೆ’ ಮಕ್ಕಳ ತಲೆಯಲ್ಲಿ ಕೂತು ‘ರೇನ್ ಹಿಂಡರ್ಡ್ ಟು ದ ವರ್ಕ್’ ಎಂದು ಬರೆಸುತ್ತದೆ. ಅಲ್ಲಿ ‘ಟು’ ಬೇಡ. ‘ರೇನ್ ಹಿಂಡರ್ಡ್ ದ ವರ್ಕ್’ ಸಾಕು. ‘ಹಿಂಡ್ರನ್ಸ್’ ಎಂಬ ನಾಮಪದ ಬಂದರೆ ಮಾತ್ರ ‘ಟು’ ಬೇಕು, ಜೊತೆಗೆ ಹಿಂಡರ್‌ನಲ್ಲಿದ್ದ ‘ಇ’ ಅಕ್ಷರವೂ ಅಲ್ಲಿ ಬಿದ್ದುಹೋಗುತ್ತದೆ. ಮಕ್ಕಳಿಗೆ ನಾನು ಹೇಳುವ ಉಪಾಯ ಇಷ್ಟೇ: ಮುಂದೆ ಹೋಗುವುದನ್ನು ಹಿಂದೆ ಉಳಿಸುವುದು ಹಿಂಡರ್. ಇಂಗ್ಲಿಷಿನಲ್ಲಿ ಅದು ‘ಬಿಹೈಂಡ್’ನ ನೆಂಟ. ನಮ್ಮ ‘ಹಿಂದೆ’ಗೆ ಸದ್ದು ಮಾತ್ರ ಹತ್ತಿರ, ನಂಟೇನೂ ಇಲ್ಲ, ಆದರೂ ನೆನಪಿಗೆ ಚೆನ್ನಾಗಿದೆ ಅಲ್ವಾ? ಹೆಚ್ಚುಕಡಿಮೆ ಇದೇ ಅರ್ಥದ ‘ಇಂಪೀಡ್’, ಕಾಲು ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದದ್ದು. ಅದಕ್ಕೆ ಕನ್ನಡದಲ್ಲಿ ‘ತೊಡರುಗಾಲು’ ಸಿದ್ಧವಾಗಿಯೇ ಇದೆ, ಯಾರೂ ಬಳಸುವುದಿಲ್ಲ.

‘ಕರ್ತವ್ಯಕ್ಕೆ ಅಡ್ಡಿ’ ಎಂಬ ಪೊಲೀಸ್ ಸುದ್ದಿಯದ್ದು ಬೇರೆಯೇ ಕಥೆ. ಭಾರತೀಯ ನ್ಯಾಯ ಸಂಹಿತೆಯ 221ನೇ ಕಲಮಿನಲ್ಲಿ ಇರುವುದು ‘ಅಬ್‌ಸ್ಟ್ರಕ್ಟ್’, ಅಂದರೆ ಬೇಕಂತಲೇ ತಡೆಯುವುದು, ಹೆಚ್ಚೆಂದರೆ ಮೂರು ತಿಂಗಳ ಸಜೆ. ಕರ್ತವ್ಯದಲ್ಲಿದ್ದವರ ಮೇಲೆ ಕೈ ಮಾಡಿದರೆ 132ನೇ ಕಲಂ, ಎರಡು ವರ್ಷದವರೆಗೆ ಸಜೆ. ಪೇಪರಿನಲ್ಲಿ ಎರಡಕ್ಕೂ ತಲೆಬರಹ ಒಂದೇ. ತಡೆದವನು ಯಾರು, ಹೊಡೆದವನು ಯಾರು ಎಂದು ಓದುಗ ಊಹಿಸಿಕೊಳ್ಳಬೇಕು.

ಶಿರಸಿ ಕಡೆಯ ಹವ್ಯಕರ ಬಾಯಲ್ಲಿ ‘ಅಡ್ಡಿಲ್ಲೆ’ ಅಂದರೆ ಪರವಾಗಿಲ್ಲ, ಆಗಬಹುದು ಅಂತ. ನಿಮ್ಮ ಪುಟಕ್ಕೂ ನಾನು ಅಷ್ಟು ಅಂಕ ಕೊಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಕೇಳುವುದು ಇಷ್ಟೇ. ಘಟ್ಟದ ಸುದ್ದಿ ಹಾಕುವಾಗ ಬೈಕು, ಕಾರು ಹೋಗುತ್ತವೆಯೋ, ಬಸ್ಸು, ಲಾರಿ ಬಿಡುತ್ತಿದ್ದಾರೋ, ರಾತ್ರಿ ಬಿಡುವುದಿಲ್ಲವೋ ಎಂದು ಒಂದು ಸಾಲು ಸೇರಿಸಿ. ಯೋಜನೆಗಳ ಸುದ್ದಿಯಲ್ಲಿ ‘ಅಡ್ಡಿಪಡಿಸಿದರು’ ಎಂದು ಬರೆಯುವ ಮುಂಚೆ, ಯಾರು, ಏನು ಮಾಡಿದರು ಎಂದು ನಿಮ್ಮ ವರದಿಗಾರರನ್ನು ಒಮ್ಮೆ ಕೇಳಿ.

ಇತಿ,
ನಿಮ್ಮ ಓದುಗ, ಕುಮಟಾ