ಸಹಿ ಹಾಕಿದ ಎಲ್ಲಾ ಅಕ್ಕತಂಗಿಯರಿಗೆ

ಹೋದ ಭಾನುವಾರ ನಮ್ಮ ಗಾರ್ಮೆಂಟ್ಸ್ ಕಾರ್ಮಿಕರ ಸಂಘದ ವಾರ್ಷಿಕ ಸಭೆ ಮುಗೀತು, ಪ್ರಧಾನ ಕಾರ್ಯದರ್ಶಿ ಜವಾಬ್ದಾರಿಯನ್ನ ನನಗಿಂತ ತುಂಬಾ ಚಿಕ್ಕವಳಾದ ಒಬ್ಬ ತಂಗಿಗೆ ಒಪ್ಪಿಸಿದ್ದಾಯ್ತು. ಅವತ್ತಿಂದ ಫೋನ್ ನಿಲ್ತಾನೇ ಇಲ್ಲ. ಎಲ್ರೂ ಅಕ್ಕ ನೀವು ನಮಗೆ ಇಷ್ಟು ಮಾಡಿದ್ರಿ ಅಷ್ಟು ಮಾಡಿದ್ರಿ ಅಂತೀರಿ. ಸಭೆಯಲ್ಲಿ ಶಾಲು ಹೊದಿಸಿ ಮೈಕ್ ಕೊಟ್ಟಾಗ ಗಂಟಲು ಕಟ್ಟಿ ಎರಡು ಮಾತೂ ಸರಿಯಾಗಿ ಬರ್ಲಿಲ್ಲ, ಅದಕ್ಕೇ ಇಲ್ಲಿ ಬರೀತಿದೀನಿ. ಉದ್ದ ಆಗುತ್ತೆ, ಬಿಡುವಾದಾಗ ಓದಿ.

ಯಾರ ಹೆಸರೂ ಬರೆಯಲ್ಲ. ನಿಮ್ಮಲ್ಲಿ ಬಹಳ ಜನ ಇನ್ನೂ ಮಿಷಿನ್ ಮೇಲೆ ಕೂತಿದೀರಿ, ಸಂಘದ ಜೊತೆ ಹೆಸರು ಕಂಡ್ರೆ ಏನಾಗುತ್ತೆ ಅಂತ ನಿಮಗೂ ಗೊತ್ತು ನನಗೂ ಗೊತ್ತು. ಓದ್ತಾ ಹೋದ್ರೆ ಇದು ನನಗೇ ಹೇಳಿದ್ದು ಅಂತ ನಿಮಗೆ ಗೊತ್ತಾಗುತ್ತೆ.

ನಾನು ಮಾಡಿದ್ದು ಅಂತ ನೀವು ಹೇಳೋದೆಲ್ಲ ಶುರು ಆಗಿದ್ದು ಯಾರೋ ಒಬ್ರು ಒಂದು ಹಾಳೆ ಮೇಲೆ ಸಹಿ ಹಾಕಿದ್ರಿಂದ. ಊಟದ ಹೊತ್ತಲ್ಲಿ ಸೂಪರ್‌ವೈಸರ್ ಬಾಯಿಗೆ ಬಂದಂಗೆ ಬೈತಾನೆ, ಟಾರ್ಗೆಟ್ ಮುಗಿದಿಲ್ಲ ಅಂತ ಟಾಯ್ಲೆಟ್‌ಗೂ ಬಿಡಲ್ಲ ಅಂತ ಇಡೀ ಲೈನ್ ಹೇಳುತ್ತೆ, ಆದ್ರೆ ಲೇಬರ್ ಆಫೀಸಿಗೆ ಕೊಡೋ ಅರ್ಜಿಗೆ ಹೆಸರು ಬೇಕು, ಟೋಕನ್ ನಂಬರ್ ಬೇಕು, ಸಹಿ ಬೇಕು. ಆ ಹಾಳೆ ನಾಳೆ ಮ್ಯಾನೇಜ್‌ಮೆಂಟ್ ಟೇಬಲ್ ಮೇಲೂ ಇರುತ್ತೆ. ನಾನು ಆಮೇಲಾಮೇಲೆ ಸಂಘದ ಆಫೀಸಲ್ಲಿ ಪೂರ್ತಿ ಹೊತ್ತು ಕೂತೋಳು, ನನ್ನ ಕೆಲಸ ಕಿತ್ಕೊಳ್ಳೋರು ಯಾರೂ ಇರ್ಲಿಲ್ಲ. ನೀವು ಸಹಿ ಹಾಕಿ ಮಾರನೇ ದಿನ ಬೆಳಿಗ್ಗೆ ಅದೇ ಗೇಟಲ್ಲಿ ಪಂಚ್ ಮಾಡಿ ಒಳಗೆ ಹೋದೋರು.

ಟ್ರಿಮ್ಮಿಂಗಲ್ಲಿದ್ದ ಅಕ್ಕ, ಮೊದಲು ನಿಮಗೆ. ಆಗ ನಮ್ಮ ಫ್ಯಾಕ್ಟರಿಯಲ್ಲಿ ಐದು ವರ್ಷ ತುಂಬೋಕೆ ಮುಂಚೆ ರಾಜೀನಾಮೆ ಬರೆಸ್ಕೊಂಡು ಲೆಕ್ಕ ಮುಗಿಸಿ ಹೊಸ ನಂಬರ್ ಕೊಟ್ಟು ಮತ್ತೆ ಸೇರಿಸ್ಕೊಳ್ತಿದ್ರು, ನಮಗೆ ಅದು ಯಾಕೆ ಅಂತಾನೇ ಗೊತ್ತಿರ್ಲಿಲ್ಲ. ಆಗಿದ್ದ 1972ರ ಗ್ರ್ಯಾಚುಯಿಟಿ ಕಾನೂನು ಪ್ರಕಾರ ಐದು ವರ್ಷ ಸತತವಾಗಿ ದುಡಿದೋರಿಗೆ ಕೆಲಸ ಬಿಡುವಾಗ ವರ್ಷಕ್ಕೆ 15 ದಿನದ ಕೂಲಿ ಲೆಕ್ಕದಲ್ಲಿ ಗ್ರ್ಯಾಚುಯಿಟಿ ಅಂತ ದುಡ್ಡು ಕೊಡಬೇಕಿತ್ತು, ತಿಂಗಳನ್ನ 26 ದಿನ ಅಂತ ಹಿಡಿದು. ಈಗಿನ ಲೆಕ್ಕದಲ್ಲಿ ತಿಂಗಳಿಗೆ ಬೇಸಿಕ್ ಸಂಬಳ, ಡಿಎ ಅಂದ್ರೆ ತುಟ್ಟಿಭತ್ಯೆ ಸೇರಿ 13,000 ಇದೆ ಅಂತಿಟ್ಕೊಳ್ಳಿ, ವರ್ಷಕ್ಕೆ 7,500, ಹತ್ತು ವರ್ಷಕ್ಕೆ 75,000. ಮಗಳ ಕಾಲೇಜೋ ಊರಲ್ಲಿ ಮನೆಗೆ ಶೀಟೋ ಆಗೋ ದುಡ್ಡು. ಆ ಲೆಕ್ಕಾನ ವಕೀಲರೊಬ್ರು ನಮಗೆ ಹೇಳಿಕೊಟ್ಟ ಮೇಲೆ ಅರ್ಜಿ ಬರೆದ್ವಿ, ಆದ್ರೆ ಮೊದಲ ಸಹಿ ಯಾರು ಹಾಕೋದು ಅಂತ ಎಲ್ರೂ ಒಬ್ಬರ ಮುಖ ಒಬ್ರು ನೋಡ್ತಾ ನಿಂತ್ವಿ. ನೀವು ಪೂರ್ತಿ ಓದಿ ಹೇಳು ಅಂದ್ರಿ, ಓದಿದೆ, ಇನ್ನೊಂದ್ಸಲ ಓದು ಅಂದ್ರಿ, ಓದಿದೆ. ಆಮೇಲೆ ಪೆನ್ನು ಇಸ್ಕೊಂಡು ನಿಧಾನಕ್ಕೆ ಹೆಸರು ಬರೆದ್ರಿ. ನಿಮಗೆ ಬರೆಯೋಕೆ ಬರ್ತಿದ್ದಿದ್ದು ಅದೊಂದೇ. ನಿಮ್ಮ ಹಿಂದೆ ಲೈನೇ ಬಂತು. ಅದಾದ ಮೇಲೆ ನಿಮ್ಮನ್ನ ದಿನಪೂರ್ತಿ ನಿಂತು ಮಾಡೋ ಕೆಲಸಕ್ಕೆ ಹಾಕಿದ್ರು, ಕಾಲು ಊದ್ಕೊಂಡ್ರೂ ನೀವು ಅರ್ಜಿ ವಾಪಸ್ ತಗೊಳ್ಳಲಿಲ್ಲ. ಕೇಸಿನ ವಿಚಾರಣೆಗೆ ಬೆಂಗಳೂರಿನ ಬನ್ನೇರುಘಟ್ಟ ರೋಡಲ್ಲಿರೋ ಕಾರ್ಮಿಕ ಇಲಾಖೆಯ ಕಾರ್ಮಿಕ ಭವನಕ್ಕೆ ಎರಡು ಬಸ್ ಬದಲಾಯಿಸಿ ಬರ್ತಿದ್ರಿ, ಆ ದಿನದ ಕೂಲಿ ಹೋಗ್ತಿತ್ತು, ಅಟೆಂಡೆನ್ಸ್ ಬೋನಸ್ಸೂ ಹೋಗ್ತಿತ್ತು, ಅಲ್ಲಿ ನೋಡಿದ್ರೆ ಮ್ಯಾನೇಜ್‌ಮೆಂಟ್ ಕಡೆಯೋರು ಬಂದಿಲ್ಲ ಮುಂದಿನ ಡೇಟ್ ತಗೊಳ್ಳಿ ಅನ್ನೋರು. ನಾವು ಆ ಕೇಸ್ ಗೆದ್ವಿ. ಸಂಘ ಗೆದ್ದಿತು ಅಂತ ಪಾಂಪ್ಲೆಟ್ ಹಾಕಿದ್ವಿ, ನಿಮ್ಮ ಹೆಸರು ಅದ್ರಲ್ಲಿ ಇರ್ಲಿಲ್ಲ. ಅಕ್ಕ, ಅದು ನಿಮ್ಮ ಗೆಲುವು.

ಸುಂಕದಕಟ್ಟೆ, ಲಗ್ಗೆರೆ, ರಾಜಗೋಪಾಲನಗರದ ವಠಾರಗಳಲ್ಲಿ ನಿಮ್ಮ ಮನೆ ಬಾಗಿಲು ತೆಗೆದೋರಿಗೆಲ್ಲ ಥ್ಯಾಂಕ್ಸ್. ಗೇಟ್ ಮೀಟಿಂಗ್ ಮಾಡಿದ್ರೆ ಒಬ್ರೂ ನಿಲ್ಲೋ ಹಾಗಿರ್ಲಿಲ್ಲ, ಯಾರು ನಿಂತ್ರು ಅಂತ ಸೆಕ್ಯೂರಿಟಿ ನೋಡ್ಕೊಳ್ಳೋನು, ಅದಕ್ಕೇ ನಮ್ಮ ಸಂಘ ಬೆಳೆದಿದ್ದೇ ಭಾನುವಾರ ಬಟ್ಟೆ ಒಗೀತಾ ನೀರು ಹಿಡೀತಾ. ವಾರಕ್ಕೆ ಸಿಗೋದು ಒಂದೇ ದಿನ, ಅದ್ರಲ್ಲೂ ನಮಗೆ ಚಾಪೆ ಹಾಸಿ ಟೀ ಕೊಟ್ಟು ಪಕ್ಕದ ಮನೆಯೋರನ್ನೂ ಕೂಗಿ ಕರೆದ್ರಿ. ಸಾಲಕ್ಕೆ ಪಾಂಪ್ಲೆಟ್ ಪ್ರಿಂಟ್ ಮಾಡಿಕೊಟ್ಟ ಪ್ರೆಸ್ಸಿನ ಅಣ್ಣಂಗೆ, ಫೀಸ್ ಅಂತ ಬಾಯಿಬಿಟ್ಟು ಕೇಳದ ಆ ವಕೀಲರಿಗೆ, ಅರ್ಜಿ ಹೀಗೆ ಬರೆದ್ರೆ ನಿಲ್ಲಲ್ಲ ಹಾಗೆ ಬರೀರಿ ಅಂತ ತಿದ್ದಿ ಕೊಟ್ಟ ಲೇಬರ್ ಆಫೀಸಿನ ಮೇಡಂಗೆ, ಕಟಿಂಗ್ ಸೆಕ್ಷನ್ನಿಂದ ನಮ್ಮ ಜೊತೆ ಬಂದ ಅಣ್ಣತಮ್ಮಂದಿರಿಗೆ ಕೂಡ.

2016ರ ಏಪ್ರಿಲ್ 18 ಮತ್ತು 19ರ ಬಗ್ಗೆ ನಾನೊಂದು ಮಾತು ಹೇಳಲೇಬೇಕು. ಆ ವರ್ಷ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಪಿಎಫ್ ನಿಯಮ ಬದಲಾಯಿಸಿ, ಮಾಲೀಕರ ಪಾಲಿನ ದುಡ್ಡನ್ನ 58 ವರ್ಷ ಆಗೋವರೆಗೂ ತೆಗೆಯೋ ಹಾಗಿಲ್ಲ ಅಂದಿತ್ತು. ಗಾರ್ಮೆಂಟ್ಸಲ್ಲಿ 58ರವರೆಗೆ ಮಿಷಿನ್ ತುಳಿಯೋರು ಎಷ್ಟು ಜನ ಇದಾರೆ? ನಲವತ್ತಕ್ಕೇ ಬೆನ್ನು ಹೋಗಿರುತ್ತೆ ಕಣ್ಣು ಹೋಗಿರುತ್ತೆ, ಕೆಲಸ ಬಿಟ್ಟಾಗ ಸಿಗೋ ಪಿಎಫೇ ಸಾಲ ತೀರಿಸೋ ದುಡ್ಡು ಮದುವೆ ದುಡ್ಡು. ಅದನ್ನ ವಿರೋಧಿಸಿ ಬೊಮ್ಮನಹಳ್ಳಿಯಿಂದ ಹೊಸೂರು ರೋಡ್ ತುಂಬ ಹೆಣ್ಣುಮಕ್ಕಳು ಬೀದಿಗಿಳಿದ್ರು, ಮಾರನೇ ದಿನ ಜಾಲಹಳ್ಳಿ ಕ್ರಾಸ್ ಕಡೆಗೂ. ಆ ಹೋರಾಟಾನ ಯಾವ ಸಂಘವೂ ಕರೆ ಕೊಟ್ಟು ಮಾಡಿಸಿದ್ದಲ್ಲ, ನಮ್ಮ ಸಂಘವೂ ಅಲ್ಲ. ಬಸ್ಸಿಗೆ ಬೆಂಕಿ ಬಿದ್ದಿದ್ದು ಕಲ್ಲು ತೂರಿದ್ದು ನೋಡಿ ನನಗೆ ಭಯ ಆಯ್ತು, ನೋವೂ ಆಯ್ತು, ಲಾಠಿ ಏಟು ತಿಂದ ಹುಡುಗೀರನ್ನ ನೋಡಿ ಇನ್ನೂ ನೋವಾಯ್ತು. ಆದ್ರೆ ಏಪ್ರಿಲ್ 19ರಂದೇ ಕೇಂದ್ರ ಸರ್ಕಾರ ಆ ನಿಯಮ ವಾಪಸ್ ತಗೊಳ್ತು. ದೇಶದ ಪಿಎಫ್ ಕಟ್ಟೋ ಎಲ್ಲಾ ಕಾರ್ಮಿಕರಿಗೂ ಅದ್ರಿಂದ ಅನುಕೂಲ ಆಯ್ತು, ಬ್ಯಾಂಕಲ್ಲಿ ಆಫೀಸಲ್ಲಿ ಇರೋರಿಗೂ. ನಾಯಕಿ ಅಂತ ಯಾರೂ ಮುಂದೆ ನಿಲ್ಲದೇ ಬೀದಿಗೆ ಬಂದ ಆ ಸಾವಿರಾರು ಹೆಂಗಸರಿಗೆ ಒಂದು ಥ್ಯಾಂಕ್ಸ್ ಸರಿಯಾಗಿ ಯಾರೂ ಹೇಳಿಲ್ಲ ಅಂತ ನನಗೆ ಇವತ್ತಿಗೂ ಅನ್ಸುತ್ತೆ. ನಾನು ಹೇಳ್ತಿದೀನಿ. ಕೇಸ್ ಬಿದ್ದು ವರ್ಷಗಟ್ಟಲೆ ಕೋರ್ಟಿಗೆ ಅಲೆದ ಕುಟುಂಬಗಳಿಗೂ ಹೇಳ್ತಿದೀನಿ.

ಆಮೇಲೆ ಕೊರೋನಾ ಬಂತು. 2020ರ ಮಾರ್ಚಲ್ಲಿ ಏಪ್ರಿಲ್‌ನಿಂದ ಸೇರಬೇಕಿದ್ದ ತುಟ್ಟಿಭತ್ಯೆಯನ್ನ ಒಂದು ವರ್ಷ ಮುಂದೂಡಿ ಸರ್ಕಾರದ ಆದೇಶ ಬಂತು. ತಿಂಗಳಿಗೆ 417 ರೂಪಾಯಿ 60 ಪೈಸೆ. ಹೊರಗಿನೋರು ಅಷ್ಟಕ್ಕೆ ಇಷ್ಟೊಂದು ಗಲಾಟೆಯಾ ಅಂದ್ರು. ತಿಂಗಳ ಅಕ್ಕಿ ಎಣ್ಣೆ ಆ ದುಡ್ಡಲ್ಲಿ ತರೋರಿಗೆ ಗೊತ್ತು, ರಾಜ್ಯದಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಗಾರ್ಮೆಂಟ್ಸ್ ಕೆಲಸಗಾರರ ಲೆಕ್ಕದಲ್ಲಿ ಅದು ಎಷ್ಟಾಗುತ್ತೆ ಅಂತ. ಹೈಕೋರ್ಟಲ್ಲಿ ಕಾರ್ಮಿಕರ ಪರ ಆದೇಶ ಬಂದ ಮೇಲೂ ಹೆಚ್ಚಿನ ಕಡೆ ಕೊಡದೇ ವರ್ಷಕ್ಕೂ ಮೇಲೆ ತಳ್ಳಿದ್ರು. ಆಗ ನಿಮ್ಮ ಪೇ ಸ್ಲಿಪ್‌ಗಳೇ ನಮ್ಮ ಸಾಕ್ಷಿ. ಲಾಕ್‌ಡೌನಲ್ಲಿ ಊರಿಗೆ ಹೋಗಿ ಕೂತೋರು, ಮದ್ದೂರು ಕನಕಪುರ ಕುಣಿಗಲ್ ಕಡೆಯಿಂದ ತಿಂಗಳು ತಿಂಗಳ ಸ್ಲಿಪ್ಪಿನ ಫೋಟೋ ತೆಗೆದು ವಾಟ್ಸಾಪಲ್ಲಿ ಕಳಿಸಿದ್ರಿ, ಕೆಲವರು ಮಗನ ಫೋನಿಂದ, ಕೆಲವರು ಪಕ್ಕದ ಮನೆ ಹುಡುಗನ ಫೋನಿಂದ. ಬಾಕಿ ಕೈಗೆ ಬಂದ ದಿನ ಒಬ್ಬ ತಂಗಿ ಫೋನ್ ಮಾಡಿ ಏನೂ ಮಾತಾಡದೇ ಬರೀ ಅತ್ತಳು. ಅವಳ ಜೊತೆ ನಾನೂ ಅತ್ತೆ.

ಒಡಿಶಾ, ಜಾರ್ಖಂಡ್‌ನಿಂದ ಬಂದ ಹುಡುಗೀರೇ, ನೀವು ಕನ್ನಡ ಓದೋದು ಕಷ್ಟ, ಯಾರಾದ್ರೂ ಓದಿ ಹೇಳ್ತಾರೆ. ಹಾಸ್ಟೆಲ್ ಗೇಟಿಗೆ ಬೀಗ, ಹೊರಗೆ ಬಿಡೋದು ಭಾನುವಾರ ಎರಡು ಮೂರು ಗಂಟೆ, ಆ ಹೊತ್ತಲ್ಲಿ ಸೋಪು ಶಾಂಪೂ ತಗೊಳ್ಳೋದು ಬಿಟ್ಟು ಸಂಘದ ಆಫೀಸಿಗೆ ಬಂದ್ರಿ. ಹೊರಗಿನೋರು ಬಂದು ನಮ್ಮ ಕೆಲಸ ಕಿತ್ಕೊಂಡ್ರು ಅಂತ ನಮ್ಮವರೇ ಕೆಲವರು ಅಂದಾಗ ಉತ್ತರ ಕೊಟ್ಟಿದ್ದು ನನ್ನ ಭಾಷಣ ಅಲ್ಲ, ಊಟದ ಗುಣಮಟ್ಟದ ಅರ್ಜಿಯಲ್ಲಿ ಕನ್ನಡದ ಸಹಿಗಳ ಮಧ್ಯೆ ಇದ್ದ ನಿಮ್ಮ ಒಡಿಯಾ ಸಹಿಗಳು.

ಮನೆಯೋರಿಗೆ ಏನಂತ ಹೇಳಲಿ. ನಮ್ಮತ್ತೆ ಈಗಿಲ್ಲ. ರಾತ್ರಿ ಒಂಬತ್ತಕ್ಕೆ ಬರೋ ಸೊಸೆ ಬಗ್ಗೆ ಬೀದಿಯಲ್ಲಿ ಮಾತು ಬಂದಾಗ, ಅವಳು ನಾಲ್ಕು ಜನರ ಕೆಲಸಕ್ಕೆ ಹೋಗಿದಾಳೆ ನಿಮ್ಗೇನ್ರವ್ವಾ ಅಂತ ಬಾಗಿಲಲ್ಲಿ ನಿಂತು ಕೇಳಿದೋರು ಅವರು. ನಮ್ಮನೆಯೋರು ಆಟೋ ಓಡಿಸ್ತಾರೆ, ಕೇಸ್ ಇದ್ದ ದಿನ ಫೈಲ್‌ಗಳ ಸಮೇತ ಎಷ್ಟು ಜನರನ್ನ ಕಾರ್ಮಿಕ ಭವನಕ್ಕೆ ಬಿಟ್ಟಿದಾರೋ, ಮೀಟರ್ ಹಾಕಿದ್ದೇ ಇಲ್ಲ.

ಹೊಸ ಕಾರ್ಯದರ್ಶಿ ತಂಗಿಗೆ, ನಿನ್ನ ಕೆಲಸ ನನ್ನದಕ್ಕಿಂತ ಕಷ್ಟ ಇದೆ. ನಾವು ಕಷ್ಟಪಟ್ಟು ಕಲಿತ ಕಾನೂನುಗಳನ್ನ ಸೇರಿಸಿ, 29 ಕಾಯ್ದೆಗಳ ಜಾಗದಲ್ಲಿ 4 ಸಂಹಿತೆ ಮಾಡಿ 2025ರ ನವೆಂಬರ್ 21ರಿಂದ ಜಾರಿಗೆ ತಂದಿದಾರೆ, ನೀನು ಮೊದಲಿಂದ ಓದಬೇಕು. ಹೊಸದ್ರಲ್ಲಿ ಕಾಂಟ್ರಾಕ್ಟ್ ಅವಧಿಗೆ ನೇರವಾಗಿ ತಗೊಂಡೋರಿಗೆ ಒಂದು ವರ್ಷಕ್ಕೇ ಗ್ರ್ಯಾಚುಯಿಟಿ ಅಂತ ಇದೆ, ಅದನ್ನ ಕೇಳಿ ಪಡ್ಕೊಳ್ಳಿ. ಮುಷ್ಕರಕ್ಕೆ 14 ದಿನ ಮುಂಚೆ ನೋಟೀಸ್ ಅಂತಾನೂ ಇದೆ, ಅದರ ಬಗ್ಗೆ ಲೈನಲ್ಲಿರೋ ಎಲ್ರಿಗೂ ಈಗಲೇ ಹೇಳಿಡು. ನೀನು ಒಪ್ಕೊಂಡಿದ್ದಕ್ಕೆ ಥ್ಯಾಂಕ್ಸ್ ಕಣಮ್ಮ.

ಇನ್ನು ಪಿಎಫ್ ವಿಷಯ. ಆಧಾರಲ್ಲಿ ಒಂದು ಹೆಸರು, ಪಿಎಫಲ್ಲಿ ಗಂಡನ ಹೆಸರು ಸೇರಿಸಿ ಇನ್ನೊಂದು ಹೆಸರು ಇರೋರು ತುಂಬಾ ಜನ ಇದೀರಿ, ದುಡ್ಡು ಅಲ್ಲೇ ನಿಂತಿದೆ. ಆ ಕೆಲಸ ನಾನು ಬಿಟ್ಟಿಲ್ಲ, ಭಾನುವಾರ ಬೆಳಿಗ್ಗೆ ಆಫೀಸಲ್ಲೇ ಇರ್ತೀನಿ. ಆಧಾರ್, ಬ್ಯಾಂಕ್ ಪಾಸ್‌ಬುಕ್, ಪಿಎಫ್ ಖಾತೆಯ ಯುಎಎನ್ ನಂಬರ್ ತನ್ನಿ, ಆಧಾರಿಗೆ ಲಿಂಕ್ ಆಗಿರೋ ಫೋನನ್ನ ಮರೀದೇ ಕೈಯಲ್ಲಿ ಹಿಡ್ಕೊಂಡು ಬನ್ನಿ, ಒಟಿಪಿ ಅದಕ್ಕೇ ಬರೋದು.